ಪಿಗ್ಮಿ ಫೈಲ್ ಪೋಸ್ಟ್ ಆಗುವಾಗ ಬೆಳ್ಳಗಾಗುತ್ತಿದ್ದ ಸ್ಕ್ರೀನ್: ಒಂದು ಪ್ರಕರಣ

ಇದು ಒಂದು ತಾಲ್ಲೂಕು ಊರಿನ ಪತ್ತಿನ ಸಹಕಾರ ಸಂಘದಲ್ಲಿ ನಡೆದದ್ದು. ಯಾವ ಸಂಘ, ಯಾವ ಊರು ಅನ್ನೋದು ಇಲ್ಲಿ ಬೇಡ. ಗುರುತು ಸಿಗಬಾರದು ಅಂತ ಕೆಲವು ಸಣ್ಣ ವಿವರ, ಅಂಕಿಗಳನ್ನು ಬದಲಿಸಿದ್ದೇನೆ. ಆದರೆ ನಾವು ಯಾವುದನ್ನು ಮೊದಲು ಮಾಡಿದೆವು, ಅದರಿಂದ ಏನು ಕೆಟ್ಟಿತು, ಆಮೇಲೆ ಏನು ಮಾಡಿದೆವು ಅನ್ನುವ ಕ್ರಮ ಹಾಗೇ ಇದೆ. ಡೆಸ್ಕ್‌ಟಾಪ್ ಪ್ರೋಗ್ರಾಂ ಬರೆಯುವವರಿಗೆ ಆ ಕ್ರಮವೇ ಉಪಯೋಗಕ್ಕೆ ಬರುವುದು.

ಸಂಘದಲ್ಲಿ ಮೂರು ಕಂಪ್ಯೂಟರ್. ಎರಡು ಕೌಂಟರಿನಲ್ಲಿ, ಒಂದು ಕಾರ್ಯದರ್ಶಿಯವರ ಮೇಜಿನ ಮೇಲೆ. ಪ್ರೋಗ್ರಾಂ ಸಿ ಶಾರ್ಪ್ ಭಾಷೆಯಲ್ಲಿ, ಕಿಟಕಿ, ಬಟನ್ ಕಟ್ಟಿಕೊಡುವ ವಿಂಡೋಸ್ ಫಾರ್ಮ್ಸ್‌ನಲ್ಲಿ ಬರೆದದ್ದು. ಡೇಟಾಬೇಸ್ ಎಸ್‌ಕ್ಯೂಎಲ್ ಸರ್ವರ್ ಎಕ್ಸ್‌ಪ್ರೆಸ್, ಅದು ಕಾರ್ಯದರ್ಶಿಯವರ ಕಂಪ್ಯೂಟರಿನಲ್ಲೇ ಇತ್ತು. ಉಳಿತಾಯ ಖಾತೆ, ಸಾಲ, ಆರ್‌ಡಿ, ಎಲ್ಲವೂ ಅದರಲ್ಲೇ. ತೊಂದರೆ ಬಂದದ್ದು ಪಿಗ್ಮಿಯಲ್ಲಿ.

ಪಿಗ್ಮಿ ಅಂದರೆ ನಮ್ಮ ಕಡೆ ಯಾರಿಗೂ ಹೇಳಿಕೊಡಬೇಕಿಲ್ಲ. ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಶುರು ಮಾಡಿದ ಪದ್ಧತಿ ಅದು. ಏಜೆಂಟರು ದಿನಾ ಅಂಗಡಿ ಅಂಗಡಿಗೆ ಹೋಗಿ ಸಣ್ಣ ಸಣ್ಣ ಮೊತ್ತ ಸಂಗ್ರಹಿಸಿ ತರುತ್ತಾರೆ. ಈಗ ಅವರ ಕೈಯಲ್ಲಿ ರಸೀದಿ ಕೊಡುವ ಪುಟ್ಟ ಮಷೀನ್ ಇರುತ್ತದೆ. ಸಂಜೆ ಐದರ ಮೇಲೆ ಒಬ್ಬೊಬ್ಬರೇ ಬಂದು ಮಷೀನನ್ನು ಕೇಬಲ್‌ಗೆ ಸಿಕ್ಕಿಸುತ್ತಾರೆ. ಒಂದು ಟೆಕ್ಸ್ಟ್ ಫೈಲ್ ಇಳಿಯುತ್ತದೆ. ಪ್ರೋಗ್ರಾಂ ಅದನ್ನು ಓದಿ, ಒಬ್ಬೊಬ್ಬರ ಖಾತೆಗೂ ಜಮೆ ಹಾಕಬೇಕು. ಒಬ್ಬ ಏಜೆಂಟರ ಫೈಲಿನಲ್ಲಿ ಹೆಚ್ಚುಕಮ್ಮಿ ಇನ್ನೂರು ಸಾಲು.

ಇನ್ನೂರು ಸಾಲಿಗೆ ಮೂರು ನಿಮಿಷ ಹಿಡಿಯುತ್ತಿತ್ತು. ಕೌಂಟರಿನಲ್ಲಿ ಜನ ಜಾಸ್ತಿ ಇರುವ ಹೊತ್ತೂ ಅದೇ. ಅಂಗಡಿ ಮುಚ್ಚುವ ಮುಂಚೆ ದುಡ್ಡು ಕಟ್ಟಲು ಬಂದವರು, ಪಾಸ್‌ಬುಕ್ ಎಂಟ್ರಿ ಹಾಕಿಸಿಕೊಳ್ಳಲು ಬಂದವರು ಸಾಲಾಗಿ ನಿಂತಿರುತ್ತಾರೆ. ಕೌಂಟರಿನ ಮೇಡಂ ಪೋಸ್ಟ್ ಬಟನ್ ಒತ್ತಿದರೆ ಮುಗಿಯಿತು, ಸ್ಕ್ರೀನ್ ಅಲ್ಲಾಡುವುದಿಲ್ಲ. ಸ್ವಲ್ಪ ಹೊತ್ತಿಗೆ ಇಡೀ ಕಿಟಕಿ ಬೆಳ್ಳಗಾಗಿ, ಮೇಲೆ ನಾಟ್ ರೆಸ್ಪಾಂಡಿಂಗ್ ಅಂತ ಬರುತ್ತಿತ್ತು.

ಆ ಬೆಳ್ಳಗಾಗುವುದು ಯಾಕೆ ಅಂತ ಮೊದಲು ತಿಳಿದುಕೊಳ್ಳಬೇಕು. ಪ್ರೋಗ್ರಾಂ ಒಳಗೆ ಕೆಲಸಗಳನ್ನು ಒಂದಾದ ಮೇಲೊಂದು ಮಾಡುತ್ತ ಹೋಗುವ ಎಳೆಗೆ ಥ್ರೆಡ್ ಅನ್ನುತ್ತಾರೆ. ಇಂಥ ಪ್ರೋಗ್ರಾಂನಲ್ಲಿ ಸ್ಕ್ರೀನ್ ನೋಡಿಕೊಳ್ಳುವ ಥ್ರೆಡ್ ಒಂದೇ. ಮೌಸ್ ಕ್ಲಿಕ್, ಕೀಬೋರ್ಡಿನ ಒತ್ತು, ಕಿಟಕಿಯನ್ನು ಮತ್ತೆ ಬಿಡಿಸು ಅನ್ನುವ ಸೂಚನೆ, ಎಲ್ಲವೂ ಸಂದೇಶಗಳಾಗಿ ಬಂದು ಒಂದು ಕ್ಯೂನಲ್ಲಿ ನಿಲ್ಲುತ್ತವೆ. ಥ್ರೆಡ್ ಒಂದೊಂದನ್ನೇ ತೆಗೆದು ಕೆಲಸ ಮುಗಿಸುತ್ತದೆ. ಪೋಸ್ಟ್ ಬಟನ್‌ನ ಕೆಲಸವೇ ಮೂರು ನಿಮಿಷ ಹಿಡಿದರೆ, ಕ್ಯೂನಲ್ಲಿ ಹಿಂದೆ ನಿಂತ ಎಲ್ಲವೂ ಮೂರು ನಿಮಿಷ ಕಾಯಬೇಕು. ಐದು ಸೆಕೆಂಡ್ ಯಾವ ಸಂದೇಶವನ್ನೂ ಎತ್ತಿಕೊಳ್ಳದಿದ್ದರೆ, ವಿಂಡೋಸ್ ಆ ಪ್ರೋಗ್ರಾಂ ನಿಂತುಹೋಗಿದೆ ಅಂತ ತೀರ್ಮಾನಿಸಿ ನಿಜವಾದ ಕಿಟಕಿಯ ಜಾಗದಲ್ಲಿ ತನ್ನದೇ ಒಂದು ನಕಲಿ ಕಿಟಕಿ ಇಡುತ್ತದೆ. ಅದನ್ನು ಸರಿಸಬಹುದು, ಮುಚ್ಚಬಹುದು, ಆದರೆ ಒಳಗೆ ಏನೂ ಕೆಲಸ ಮಾಡುವುದಿಲ್ಲ. ಅದೇ ಆ ಬಿಳಿ ಸ್ಕ್ರೀನ್.

ನಮಗೆ ಫೋನ್ ಬಂದದ್ದು ಬಿಳಿ ಸ್ಕ್ರೀನಿನ ಬಗ್ಗೆ ಅಲ್ಲ. ಅದಕ್ಕೆ ಅವರು ಒಗ್ಗಿಹೋಗಿದ್ದರು. ಒಂದು ದಿನ ಒಬ್ಬ ಏಜೆಂಟರ ಇಡೀ ಫೈಲ್ ಎರಡು ಸಲ ಜಮೆಯಾಗಿತ್ತು. ಇನ್ನೊಂದು ದಿನ ಅರ್ಧ ಮಾತ್ರ ಜಮೆಯಾಗಿತ್ತು. ಅರ್ಧದ ಕಾರಣ ಬೇಗ ತಿಳಿಯಿತು: ಸಿಸ್ಟಮ್ ಹ್ಯಾಂಗ್ ಆಗಿದೆ ಅಂತ ಟಾಸ್ಕ್ ಮ್ಯಾನೇಜರ್ ತೆಗೆದು ಮುಚ್ಚಿದ್ದರು. ಪ್ರತಿ ಸಾಲೂ ಬೇರೆ ಬೇರೆಯಾಗಿ ಡೇಟಾಬೇಸಿಗೆ ಹೋಗುತ್ತಿದ್ದರಿಂದ ಅಲ್ಲಿಯವರೆಗಿನದು ಉಳಿದು, ಮುಂದಿನದು ಹೋಗಲಿಲ್ಲ.

ಎರಡು ಸಲ ಆದದ್ದು ಯಾಕೆ? ಬಟನ್ ಒತ್ತಿದರೂ ಏನೂ ಆಗಲಿಲ್ಲ ಅಂತ ಮೇಡಂ ಇನ್ನೊಮ್ಮೆ ಒತ್ತಿದ್ದರು. ಯಾರಾದರೂ ಹಾಗೇ ಮಾಡುತ್ತಾರೆ ಅಲ್ವಾ? ಆ ಎರಡನೇ ಕ್ಲಿಕ್ ಕ್ಯೂನಲ್ಲಿ ಕಾದು ಕೂತಿತ್ತು. ಮೊದಲ ಪೋಸ್ಟ್ ಮುಗಿದ ಕೂಡಲೇ ಅದರ ಸರದಿ ಬಂತು, ಅದೇ ಫೈಲನ್ನು ಮತ್ತೆ ಮೊದಲಿಂದ ಜಮೆ ಮಾಡಿತು.

ನಾವು ಮೊದಲು ಮಾಡಿದ ರಿಪೇರಿ ಒಂದು ಸಂಜೆಯದು. ಕೆಲಸ ಶುರುವಾದಾಗ ಬಟನ್ ಡಿಸೇಬಲ್ ಮಾಡು, ಮುಗಿದಾಗ ಎನೇಬಲ್ ಮಾಡು. ಆಫೀಸಿನಲ್ಲಿ ನೋಡಿದೆವು, ಸರಿ ಕಂಡಿತು, ಕಳಿಸಿದೆವು. ಎರಡನೇ ವಾರಕ್ಕೆ ಮತ್ತೆ ಡಬಲ್ ಜಮೆ. ಇಲ್ಲಿ ಸ್ವಲ್ಪ ನಿಂತು ನೋಡಿ, ಯಾಕೆಂದರೆ ಈ ತಪ್ಪನ್ನು ಎಷ್ಟೋ ಪ್ರೋಗ್ರಾಂಗಳಲ್ಲಿ ಕಂಡಿದ್ದೇನೆ. ಬಟನ್ ಡಿಸೇಬಲ್ ಆಗಿದ್ದಾಗ ಒತ್ತಿದ ಕ್ಲಿಕ್ಕನ್ನು ಆ ಹೊತ್ತಿಗೆ ಯಾರೂ ಎತ್ತಿ ನೋಡುವುದೇ ಇಲ್ಲ, ನೋಡಬೇಕಾದ ಥ್ರೆಡ್ ಜಮೆ ಹಾಕುವುದರಲ್ಲಿ ಮುಳುಗಿದೆ. ಮೂರು ನಿಮಿಷದ ನಂತರ ನಮ್ಮ ಕೊನೆಯ ಸಾಲು ಬಟನ್ನನ್ನು ಎನೇಬಲ್ ಮಾಡುತ್ತದೆ. ಅದಾದ ಮೇಲೆಯೇ ಥ್ರೆಡ್ ಕ್ಯೂಗೆ ಮರಳುವುದು. ಆಗ ಆ ಹಳೇ ಕ್ಲಿಕ್ ಸಿಗುತ್ತದೆ, ಬಟನ್ ಎನೇಬಲ್ ಆಗಿದೆ, ಸರಿ ಅಂತ ಕೆಲಸ ಶುರು. ಬಾಗಿಲು ಹಾಕಿದಂತೆ ನಮಗೆ ಕಂಡಿತು ಅಷ್ಟೇ, ಹೊರಗಿದ್ದವನು ಬಾಗಿಲು ತೆರೆಯುವವರೆಗೂ ಅಲ್ಲೇ ನಿಂತಿದ್ದ.

ಎರಡನೇ ರಿಪೇರಿ ಇನ್ನೂ ಸುಲಭದ್ದು, ಅದಕ್ಕೇ ಅದು ಜಾಸ್ತಿ ಹಾನಿ ಮಾಡಿತು. ಪ್ರತಿ ಸಾಲು ಜಮೆ ಆದ ಮೇಲೆ ಡುಈವೆಂಟ್ಸ್ ಅನ್ನುವ ಸಿದ್ಧ ಆಜ್ಞೆಯನ್ನು ಕರೆಯುವುದು. ಅದು ಕೆಲಸದ ನಡುವೆ ಒಂದು ಗಳಿಗೆ ಕ್ಯೂ ಖಾಲಿ ಮಾಡುತ್ತದೆ. ಸ್ಕ್ರೀನ್ ಬೆಳ್ಳಗಾಗುವುದು ನಿಂತಿತು. ಡಿಸೇಬಲ್ ಆದ ಬಟನ್ ಮೇಲಿನ ಕ್ಲಿಕ್ ಆಗಲೇ ಬಿದ್ದುಹೋಗುತ್ತಿತ್ತು, ಹಾಗಾಗಿ ಡಬಲ್ ಜಮೆಯೂ ಇಲ್ಲ. ಪರ್ಸೆಂಟ್ ತೋರಿಸುವ ಪಟ್ಟಿ ಚೆನ್ನಾಗಿ ಓಡುತ್ತಿತ್ತು. ಎಲ್ಲರಿಗೂ ಖುಷಿ.

ಒಂದು ಸಂಜೆ, ಕೊನೆಯ ಏಜೆಂಟರ ಫೈಲ್ ಪೋಸ್ಟ್ ಆಗುತ್ತಿರುವಾಗಲೇ ಯಾರೋ ಮೆನುಗೆ ಹೋಗಿ ಡೇ ಕ್ಲೋಸ್ ಒತ್ತಿದರು. ಸ್ಕ್ರೀನ್ ಕೆಲಸ ಮಾಡುತ್ತಿದೆ, ಮೆನು ತೆರೆಯುತ್ತಿದೆ, ಒತ್ತಬಾರದು ಅಂತ ಎಲ್ಲೂ ಹೇಳಿಲ್ಲ. ಡೇ ಕ್ಲೋಸ್ ಶುರುವಾಯಿತು. ಡುಈವೆಂಟ್ಸ್ ಇರುವಾಗ ಹೀಗಾದರೆ, ಹೊಸ ಕೆಲಸ ಹಳೆಯದರ ಹೊಟ್ಟೆಯೊಳಗೇ ನಡೆಯುತ್ತದೆ. ಹಳೆಯದು ಎಲ್ಲಿತ್ತೋ ಅಲ್ಲೇ ನಿಂತು ಕಾಯುತ್ತದೆ. ಡೇ ಕ್ಲೋಸ್ ಆ ದಿನದ ಲೆಕ್ಕ ಮುಗಿಸಿ, ಪ್ರೋಗ್ರಾಂನ ಚಾಲ್ತಿ ದಿನಾಂಕವನ್ನು ನಾಳೆಗೆ ತಳ್ಳಿತು. ಆಮೇಲೆ ನಿಂತಿದ್ದ ಪಿಗ್ಮಿ ಕೆಲಸ ಮುಂದುವರಿದು, ಉಳಿದ ಅರವತ್ತು ಚಿಲ್ಲರೆ ಸಾಲುಗಳನ್ನು ನಾಳೆಯ ದಿನಾಂಕಕ್ಕೆ ಜಮೆ ಹಾಕಿತು. ಕ್ಯಾಷಿಯರ್ ಕೈಯಲ್ಲಿ ದುಡ್ಡು ಇದೆ, ಪುಸ್ತಕದಲ್ಲಿ ಇಲ್ಲ. ಅವತ್ತು ಅವರು ರಾತ್ರಿ ಹತ್ತರವರೆಗೂ ಕೂತು ಹುಡುಕಿದರು. ಲೆಕ್ಕ ಟ್ಯಾಲಿ ಆಗದೆ ಕ್ಯಾಷಿಯರ್ ಮನೆಗೆ ಹೋಗುವಂತಿಲ್ಲ. ಇದನ್ನು ನೆನೆಸಿಕೊಂಡರೆ ನನಗೆ ಇವತ್ತಿಗೂ ಬೇಜಾರಾಗುತ್ತದೆ.

ಇದಾದ ಮೇಲೆ ಕೆಲಸವನ್ನು ಬೇರೆ ಥ್ರೆಡ್ಡಿಗೆ ಕಳಿಸಲೇಬೇಕು ಅಂತ ತೀರ್ಮಾನವಾಯಿತು. ಸಿ ಶಾರ್ಪ್ ಪ್ರೋಗ್ರಾಂಗಳ ತಳಹದಿಯಾದ ಡಾಟ್‌ನೆಟ್‌ನಲ್ಲಿ 2005ರಿಂದ ಇರುವ, ಕೆಲಸವನ್ನು ಬೇರೆ ಥ್ರೆಡ್ಡಿನಲ್ಲಿ ಓಡಿಸುವ ಬ್ಯಾಕ್‌ಗ್ರೌಂಡ್‌ವರ್ಕರ್ ತಂಡಕ್ಕೆ ಗೊತ್ತಿತ್ತು, ಅದನ್ನೇ ತೆಗೆದುಕೊಂಡೆವು. ಅರ್ಧ ಜಮೆ ಆಗಬಾರದು ಅಂತ ಇಡೀ ಫೈಲನ್ನು ಒಂದೇ ಟ್ರಾನ್ಸಾಕ್ಷನ್ ಒಳಗೆ ಇಟ್ಟೆವು. ಆಗುವುದಾದರೆ ಎಲ್ಲ ಪೂರ್ತಿ ಆಗಲಿ, ಇಲ್ಲವಾದರೆ ಏನೂ ಆಗದಿರಲಿ. ಒಳ್ಳೆಯ ಯೋಚನೆಯೇ.

ಮೊದಲ ಪರೀಕ್ಷೆಯಲ್ಲೇ ಸ್ಕ್ರೀನ್ ಮತ್ತೆ ತಡವರಿಸಿತು. ಕೆಲಸ ಹಿಂದೆ ನಡೆಯುತ್ತಿದೆ, ಆದರೂ ಯಾಕೆ? ಪ್ರೋಗ್ರಾಂ ಸಿಕ್ಕಿಕೊಂಡಾಗ, ಪ್ರೋಗ್ರಾಂ ಬರೆಯುವ ಸಾಧನವಾದ ವಿಷುಯಲ್ ಸ್ಟುಡಿಯೋದಲ್ಲಿ ಎಲ್ಲವನ್ನೂ ಇದ್ದಲ್ಲೇ ನಿಲ್ಲಿಸುವ ಬ್ರೇಕ್ ಆಲ್ ಒತ್ತಿ, ಮುಖ್ಯ ಥ್ರೆಡ್ ಯಾವ ಸಾಲಿನಲ್ಲಿದೆ ಅಂತ ನೋಡುವುದು ಈ ಕೆಲಸದಲ್ಲಿ ಎಲ್ಲಕ್ಕಿಂತ ಒಳ್ಳೆಯ ಅಭ್ಯಾಸ. ನಾಲ್ಕೈದು ಸಲ ಒತ್ತಿದೆವು. ಪ್ರತಿ ಸಲವೂ ಗ್ರಿಡ್ಡಿನೊಳಗೆ, ಅಂದರೆ ಸಾಲುಗಳನ್ನು ಕೋಷ್ಟಕವಾಗಿ ತೋರಿಸುವ ಭಾಗದೊಳಗೆ, ಸಿಕ್ಕಿತು. ಒಂದೊಂದು ಸಾಲು ಜಮೆಯಾದ ಹಾಗೆ ಅದನ್ನು ಕೆಳಗಿನ ಗ್ರಿಡ್ಡಿಗೆ ಸೇರಿಸುತ್ತಿದ್ದೆವು. ಆ ಗ್ರಿಡ್ಡಿನ ಕಾಲಂಗಳು ಒಳಗಿನ ಎಲ್ಲ ಸಾಲುಗಳನ್ನೂ ಅಳೆದು ಅಗಲ ಹೊಂದಿಸಿಕೊಳ್ಳುವ ಹಾಗೆ ಸೆಟ್ ಆಗಿದ್ದವು. ದಿನದ ಹಳೇ ಸಾಲುಗಳೂ ಅದರಲ್ಲೇ ಇದ್ದವು. ಒಂದು ಸಾಲು ಸೇರಿದರೆ ಇದ್ದಬದ್ದ ಸಾವಿರಾರು ಸಾಲುಗಳನ್ನು ಮತ್ತೆ ಅಳೆಯುತ್ತಿತ್ತು. ಅದು ನಡೆಯುವುದು ಸ್ಕ್ರೀನ್ ಥ್ರೆಡ್‌ನಲ್ಲೇ. ಗ್ರಿಡ್ ತೆಗೆದುಹಾಕಿ, ಬರೀ ಒಂದು ಸಂಖ್ಯೆ ತೋರಿಸಿದೆವು, ಅದೂ ಸೆಕೆಂಡಿಗೆ ಹತ್ತು ಸಲಕ್ಕಿಂತ ಜಾಸ್ತಿ ಬದಲಾಗದ ಹಾಗೆ. ಅದಕ್ಕಿಂತ ಬೇಗ ಬದಲಾದರೆ ಓದುವುದಕ್ಕೂ ಆಗುವುದಿಲ್ಲ.

ಇಲ್ಲಿ ಇನ್ನೊಂದು ಮಾತು. ಹಿನ್ನೆಲೆಯಲ್ಲಿ ಓಡುವ ಥ್ರೆಡ್ಡಿನಿಂದ ಲೇಬಲ್ ಅನ್ನು (ಸ್ಕ್ರೀನ್ ಮೇಲೆ ಅಕ್ಷರ ತೋರಿಸುವ ಜಾಗ) ನೇರವಾಗಿ ಮುಟ್ಟಬಾರದು, ಎಲ್ಲರಿಗೂ ಗೊತ್ತು. ಆದರೆ ವಿಂಡೋಸ್ ಫಾರ್ಮ್ಸ್ ಇದನ್ನು ಹಿಡಿದು ಎರರ್ ಕೊಡುವುದು ಮಾಮೂಲಾಗಿ ಡೀಬಗರ್, ಅಂದರೆ ತಪ್ಪು ಹುಡುಕುವ ಸಾಧನದ ಜೊತೆ ಓಡಿಸಿದಾಗ ಮಾತ್ರ. ಸಂಘದ ಕಂಪ್ಯೂಟರಿನಲ್ಲಿ ಅದೇ ತಪ್ಪು ಸದ್ದಿಲ್ಲದೆ ದಾಟಿಹೋಗಿ, ಯಾವಾಗಲೋ ಒಮ್ಮೆ ವಿಚಿತ್ರವಾಗಿ ಕೈಕೊಡುತ್ತದೆ. ಡೀಬಗರ್‌ನಲ್ಲಿ ಬರುವ ಆ ಎರರ್ ಕಿರಿಕಿರಿ ಅಂತ ಚೆಕ್ಕನ್ನೇ ಆಫ್ ಮಾಡುವ ಒಂದು ಸಾಲು ನಮ್ಮ ಕೋಡಿನಲ್ಲೂ ಇತ್ತು. ತೆಗೆದೆವು.

ಸಂಘಕ್ಕೆ ಹೋಗಿ ಹಾಕಿದೆವು. ಪೋಸ್ಟ್ ಒತ್ತಿದರು, ಸಂಖ್ಯೆ ಓಡಿತು, ಕಿಟಕಿ ಸರಾಗವಾಗಿ ಅಲ್ಲಾಡಿತು. ಅಷ್ಟರಲ್ಲಿ ಒಬ್ಬರು ಉಳಿತಾಯ ಖಾತೆಗೆ ದುಡ್ಡು ಕಟ್ಟಲು ಬಂದರು. ಮೇಡಂ ಅವರ ಖಾತೆ ನಂಬರ್ ಹೊಡೆದು ಎಂಟರ್ ಒತ್ತಿದರು. ಸ್ಕ್ರೀನ್ ಬೆಳ್ಳಗಾಯಿತು. ಮೂವತ್ತು ಸೆಕೆಂಡ್ ಆದ ಮೇಲೆ ಟೈಮ್‌ಔಟ್ ಅಂತ ಎರರ್. ಪಕ್ಕದ ಕೌಂಟರಿನಲ್ಲೂ ಅದೇ ಕಥೆ. ಮುಂಚೆ ಒಂದು ಕಂಪ್ಯೂಟರ್ ನಿಲ್ಲುತ್ತಿತ್ತು, ಈಗ ಎರಡೂ ನಿಂತವು.

ಅವತ್ತು ನಾನು ಅಲ್ಲೇ ಇದ್ದೆ. ನಾಚಿಕೆಗಿಂತ ಜಾಸ್ತಿ ಗಾಬರಿ ಆಯಿತು. ಪಿಗ್ಮಿ ಖಾತೆಗೂ ಆ ಉಳಿತಾಯ ಖಾತೆಗೂ ಸಂಬಂಧವೇ ಇಲ್ಲ. ಡೇಟಾಬೇಸಿನಲ್ಲಿ ಏನು ನಡೆಯುತ್ತಿದೆ ಅಂತ ತೋರಿಸುವ ಆಕ್ಟಿವಿಟಿ ಮಾನಿಟರ್ ತೆರೆದು ನೋಡಿದರೆ, ಎರಡೂ ಕೌಂಟರಿನ ಕ್ವೆರಿಗಳು (ಡೇಟಾಬೇಸಿಗೆ ಕೇಳುವ ಪ್ರಶ್ನೆಗಳು) ನಮ್ಮ ಪಿಗ್ಮಿ ಟ್ರಾನ್ಸಾಕ್ಷನ್ ಹಿಂದೆ ಲಾಕ್‌ಗಾಗಿ, ಅಂದರೆ ಒಬ್ಬರು ಬರೆದು ಮುಗಿಸುವವರೆಗೆ ಬೇರೆಯವರನ್ನು ತಡೆಯುವ ಬೀಗ ಬಿಡುವುದಕ್ಕಾಗಿ, ಕಾಯುತ್ತಿದ್ದವು. ಖಾತೆ ತೆರೆದಾಗ ಪ್ರೋಗ್ರಾಂ ಬಾಕಿ ತೋರಿಸಲು ಆ ಖಾತೆಯ ಎಲ್ಲ ಜಮೆ, ಖರ್ಚುಗಳನ್ನು ಕೂಡುತ್ತಿತ್ತು. ಆ ಕೂಡುವ ಕ್ವೆರಿ ಇಂಡೆಕ್ಸ್ (ಪುಸ್ತಕದ ಕೊನೆಯ ಸೂಚಿಯಂಥದ್ದು) ಹಿಡಿದು ನೇರ ಆ ಖಾತೆಗೆ ಹೋಗುವ ಬದಲು ಇಡೀ ಟೇಬಲ್ ಓದುತ್ತಿತ್ತು. ಇಡೀ ಟೇಬಲ್ ಓದಬೇಕಾದರೆ ನಾವು ಈಗಷ್ಟೇ ಸೇರಿಸಿ ಇನ್ನೂ ಕಮಿಟ್ ಮಾಡದ, ಅಂದರೆ ಖಾಯಂ ಮಾಡದ, ಸಾಲುಗಳನ್ನೂ ದಾಟಬೇಕು. ಅಲ್ಲಿ ಲಾಕ್. ಎಸ್‌ಕ್ಯೂಎಲ್ ಸರ್ವರ್ ಮಾಮೂಲು ಸೆಟ್ಟಿಂಗ್‌ನಲ್ಲಿ ಅಲ್ಲಿ ನಿಂತು ಕಾಯುತ್ತದೆ. ಕಾಯುತ್ತಿದ್ದದ್ದು ಸ್ಕ್ರೀನ್ ಥ್ರೆಡ್, ಯಾಕೆಂದರೆ ಖಾತೆ ತೆರೆಯುವ ಕ್ವೆರಿ ಇನ್ನೂ ಅಲ್ಲೇ ಓಡುತ್ತಿತ್ತು. ಥ್ರೆಡ್ ಬೇರೆ ಮಾಡಿದ್ದೆವು, ಡೇಟಾಬೇಸ್ ಒಳಗೆ ಎರಡನ್ನೂ ನಾವೇ ಮತ್ತೆ ಒಂದಕ್ಕೊಂದು ಕಟ್ಟಿಹಾಕಿದ್ದೆವು.

ಇಂಡೆಕ್ಸ್ ಇತ್ತು. ಯಾಕೆ ಬಳಸುತ್ತಿಲ್ಲ ಅಂತ, ಸರ್ವರ್ ಹುಡುಕುವ ದಾರಿ ತೋರಿಸುವ ಎಕ್ಸಿಕ್ಯೂಷನ್ ಪ್ಲಾನ್ ತೆಗೆದೆವು. ಖಾತೆ ನಂಬರಿನ ಕಾಲಂ ವಾರ್‌ಚಾರ್ ಅನ್ನುವ ಅಕ್ಷರದ ಬಗೆಯದು. ನಮ್ಮ ಕೋಡ್ ಆಡ್‌ವಿತ್‌ವ್ಯಾಲ್ಯೂ ಮೂಲಕ ಕಳಿಸುತ್ತಿದ್ದದ್ದು ಯೂನಿಕೋಡ್ ಅಕ್ಷರಗಳ ಬಗೆಯಾದ ಎನ್‌ವಾರ್‌ಚಾರ್, ಸಿ ಶಾರ್ಪ್‌ನ ಸ್ಟ್ರಿಂಗ್ ಹಾಗೇ ಹೋಗುತ್ತದೆ. ಎರಡೂ ಒಂದೇ ಬಗೆ ಅಲ್ಲ ಅಂತ ಸರ್ವರ್ ಪ್ರತಿ ಸಾಲಿನ ಖಾತೆ ನಂಬರನ್ನೂ ಎನ್‌ವಾರ್‌ಚಾರ್‌ಗೆ ಬದಲಿಸಿಕೊಂಡು ಹೋಲಿಸುತ್ತಿತ್ತು. ಅಲ್ಲಿದ್ದ ಕೊಲೇಷನ್‌ಗೆ (ಅಕ್ಷರ ಹೋಲಿಸುವ ನಿಯಮ) ಹಾಗಾದರೆ ಇಂಡೆಕ್ಸ್ ನೇರ ಹುಡುಕಾಟಕ್ಕೆ ಬರುವುದಿಲ್ಲ. ಮೊದಲ ವರ್ಷ ಟೇಬಲ್ ಸಣ್ಣದು, ಯಾರಿಗೂ ಗೊತ್ತಾಗಲಿಲ್ಲ. ವರ್ಷದಿಂದ ವರ್ಷಕ್ಕೆ ಸಾಲುಗಳು ಲಕ್ಷ ದಾಟಿದವು, ಪೋಸ್ಟ್ ಮಾಡುವ ಹೊತ್ತೂ ಬೆಳೆಯಿತು. ಪಿಗ್ಮಿಯ ಒಂದೊಂದು ಸಾಲಿಗೂ ಇದೇ ಕ್ವೆರಿ ಓಡುತ್ತಿತ್ತು. ಆ ಮೂರು ನಿಮಿಷ ಹೋಗುತ್ತಿದ್ದದ್ದು ಇಲ್ಲಿಗೆ.

ಕ್ವೆರಿಗೆ ಕೊಡುವ ಖಾತೆ ನಂಬರಿನ ಪ್ಯಾರಾಮೀಟರಿಗೆ ವಾರ್‌ಚಾರ್ ಅಂತ ಬಗೆ, ಉದ್ದ ಕೊಟ್ಟೆವು. ಮೂರು ನಿಮಿಷದ ಕೆಲಸ ಆರು ಸೆಕೆಂಡಿಗೆ ಬಂತು.

ತಂಡದಲ್ಲಿ ಆಗ ಒಂದು ವಾದ ಎದ್ದಿತು. ಆರೇ ಸೆಕೆಂಡ್ ಅಂದಮೇಲೆ ಈ ಥ್ರೆಡ್ ಎಲ್ಲ ಯಾಕೆ, ಹಳೇ ಥರಾನೇ ಬಿಡೋಣ ಅಂತ. ನಾನು ಒಪ್ಪಲಿಲ್ಲ. ಆರು ಸೆಕೆಂಡ್ ಅಂದರೂ ವಿಂಡೋಸ್‌ನ ಐದು ಸೆಕೆಂಡ್ ದಾಟಿತು. ಪ್ರೋಗ್ರಾಂಗಳ ಬಳಕೆ ಎಷ್ಟು ಸುಲಭ ಅಂತ ಅಧ್ಯಯನ ಮಾಡುವ ಯಾಕೋಬ್ ನೀಲ್ಸನ್ 1993ರಲ್ಲಿ ಬರೆದ ಲೆಕ್ಕ ಈಗಲೂ ನನಗೆ ಸರಿ ಕಾಣುತ್ತದೆ: 0.1 ಸೆಕೆಂಡಿನ ಒಳಗೆ ಆದರೆ ತಕ್ಷಣ ಆಯಿತು ಅನಿಸುತ್ತದೆ, 1 ಸೆಕೆಂಡ್ ಮೀರಿದರೆ ಯೋಚನೆಯ ಓಟ ತುಂಡಾಗುತ್ತದೆ, 10 ಸೆಕೆಂಡ್ ಆದರೆ ಗಮನ ಬೇರೆ ಕಡೆ ಹೋಗುತ್ತದೆ. ಅಷ್ಟೇ ಅಲ್ಲ, ಕಾರ್ಯದರ್ಶಿಯವರ ಕಂಪ್ಯೂಟರ್ ಬೇರೆ ಕೆಲಸದಲ್ಲಿದ್ದರೆ ಆರು ಇಪ್ಪತ್ತಾಗುತ್ತದೆ. ಕೆಲಸ ಬೇಗ ಮುಗಿಸುವುದು ಒಂದು, ಮುಗಿಯುವವರೆಗೆ ಕೌಂಟರ್ ನಿಲ್ಲದಂತೆ ನೋಡಿಕೊಳ್ಳುವುದು ಇನ್ನೊಂದು. ಎರಡೂ ಬೇಕು. ಆದರೆ ಮೊದಲ ದಿನವೇ ಮೂರು ನಿಮಿಷ ಎಲ್ಲಿಗೆ ಹೋಗುತ್ತಿದೆ ಅಂತ ಅಳೆದಿದ್ದರೆ ಮಧ್ಯದ ಎರಡು ಹಾನಿ ತಪ್ಪುತ್ತಿತ್ತು, ಅದು ನಿಜ.

ನನ್ನ ಮಟ್ಟಿಗೆ ನಿಜವಾದ ತಿರುವು ಕೋಡಿನಲ್ಲಿ ಆಗಲಿಲ್ಲ. ಒಂದು ಸಂಜೆ ಕೌಂಟರಿನ ಹಿಂದೆ ಸ್ಟೂಲ್ ಹಾಕಿಕೊಂಡು ಕೂತೆ. ಏಜೆಂಟರು ಬರುವುದು, ಮಷೀನ್ ಸಿಕ್ಕಿಸುವುದು, ದುಡ್ಡು ಎಣಿಸುವುದು, ಆ ಕಡೆ ಜನರು, ಎಲ್ಲ ನೋಡಿದೆ. ಮೇಡಂ ಅವರನ್ನು ಕೇಳಿದೆ, ಪೋಸ್ಟ್ ಆಗುವಾಗ ನಿಮಗೆ ಏನು ಬೇಕು ಅಂತ.

"ಸರ್, ಅದು ಬೇಗ ಆಗ್ಲೇಬೇಕು ಅಂತೇನಿಲ್ಲ. ಇಲ್ಲಿ ಜನ ನಿಂತಿರ್ತಾರಲ್ಲ, ಅವರದ್ದು ಮಾಡೋಕೆ ಬಿಟ್ರೆ ಸಾಕು. ಆಮೇಲೆ ಆಯ್ತೋ ಇಲ್ವೋ ಅಂತ ನನಗೆ ಗೊತ್ತಾಗ್ಬೇಕು. ಈಗ ಗೊತ್ತಾಗಲ್ಲ, ಅದಕ್ಕೇ ಎರಡು ಸಲ ಒತ್ತೋದು."

ಅಲ್ಲಿಯವರೆಗೆ ನಾವು ಸ್ಕ್ರೀನ್ ಹೇಗೆ ಓಡಾಡಬೇಕು ಅಂತ ಮಾತ್ರ ಯೋಚಿಸಿದ್ದೆವು. ಹಿಂದೆ ಒಂದು ಕೆಲಸ ನಡೆಯುತ್ತಿರುವಾಗ ಎದುರಿಗೆ ಕೂತವರು ಯಾವುದನ್ನು ಮಾಡಬಹುದು, ಯಾವುದನ್ನು ಮಾಡಬಾರದು ಅಂತ ಕೂತು ಬರೆದಿರಲಿಲ್ಲ. ಹಳೇ ಪ್ರೋಗ್ರಾಂನಲ್ಲಿ ಎಲ್ಲ ನಿಂತುಹೋಗುತ್ತಿತ್ತು, ಆ ಪ್ರಶ್ನೆಯೇ ಏಳುತ್ತಿರಲಿಲ್ಲ. ಡುಈವೆಂಟ್ಸ್ ಹಾಕಿದ ದಿನವೇ ಆ ಪ್ರಶ್ನೆ ಬಂದಿತ್ತು, ನಾವು ಗಮನಿಸಲಿಲ್ಲ. ಥ್ರೆಡ್ ಬೇರೆ ಮಾಡಿದ ಮಾತ್ರಕ್ಕೆ ಡೇ ಕ್ಲೋಸ್ ಅಪಾಯ ಹೋಗುವುದಿಲ್ಲ, ಅದೇ ಅಪಾಯ ಇನ್ನೊಂದು ರೂಪದಲ್ಲಿ ಇರುತ್ತದೆ.

ಮೇಡಂ, ಕ್ಯಾಷಿಯರ್, ಕಾರ್ಯದರ್ಶಿ ಮೂವರನ್ನೂ ಕೂರಿಸಿಕೊಂಡು ಒಂದು ಹಾಳೆಯಲ್ಲಿ ಬರೆದೆವು. ಉಳಿತಾಯ ಜಮೆ, ಪಾಸ್‌ಬುಕ್, ಸಾಲದ ಕಂತು, ಇವೆಲ್ಲ ನಡೆಯಲಿ. ಪೋಸ್ಟ್ ಆಗುತ್ತಿರುವ ಏಜೆಂಟರ ಪಿಗ್ಮಿ ಖಾತೆಯನ್ನು ಆ ಹೊತ್ತು ಮುಚ್ಚಬಾರದು. ಡೇ ಕ್ಲೋಸ್ ಕಾಯಬೇಕು, ಅದೂ ಸುಮ್ನೆ ಮಂಕಾಗಿ ಕೂರಬಾರದು, "ಪಿಗ್ಮಿ ಪೋಸ್ಟ್ ಮುಗಿಯಲಿ" ಅಂತ ಬಟನ್ ಪಕ್ಕದಲ್ಲೇ ಕಾರಣ ಹೇಳಬೇಕು. ಬೇರೆ ಕಂಪ್ಯೂಟರಿನಿಂದ ಒತ್ತಿದರೂ ತಡೆಯಬೇಕು, ಹಾಗಾಗಿ ಆ ತಡೆಯನ್ನು ಡೇಟಾಬೇಸಿನಲ್ಲೇ ಇಟ್ಟೆವು. ಕೆಲಸ ಶುರುವಾದ ಕ್ಷಣದ ದಿನಾಂಕವನ್ನು ಹಿಡಿದಿಟ್ಟುಕೊಂಡು ಕೊನೆಯವರೆಗೂ ಅದನ್ನೇ ಬಳಸಬೇಕು. ರದ್ದು ಬಟನ್ ಬಗ್ಗೆ ಜಾಸ್ತಿ ಚರ್ಚೆ ಆಯಿತು. ಅರ್ಧದಲ್ಲಿ ರದ್ದು ಮಾಡಿದರೆ ಏನಾಗಬೇಕು ಅಂತ ಕ್ಯಾಷಿಯರ್ ಕೇಳಿದರು. ಏನೂ ಆಗಿರಬಾರದು ಅಂದೆವು. ಹಾಗಾದರೆ ಸರಿ ಅಂದರು.

ಕೊನೆಗೆ ನಿಂತ ರೂಪ ಹೀಗಿದೆ. ಪೋಸ್ಟ್ ಒತ್ತಿದ ಕೂಡಲೇ ಬಟನ್ ಡಿಸೇಬಲ್ ಆಗುತ್ತದೆ. ಈಗ ಸ್ಕ್ರೀನ್ ಥ್ರೆಡ್ ಬಿಡುವಾಗಿರುವುದರಿಂದ ಎರಡನೇ ಕ್ಲಿಕ್ ನಿಜವಾಗಿ ಬಿದ್ದುಹೋಗುತ್ತದೆ. ಡಾಟ್‌ನೆಟ್ 4.5ಕ್ಕೆ ಬಂದಿದ್ದೆವು, ಹಾಗಾಗಿ ಬ್ಯಾಕ್‌ಗ್ರೌಂಡ್‌ವರ್ಕರ್ ಬಿಟ್ಟು ಅಸಿಂಕ್ ಅವೇಟ್ ಅನ್ನುವ, ಸ್ಕ್ರೀನ್ ನಿಲ್ಲಿಸದೆ ಕೆಲಸ ಮುಗಿಯಲು ಕಾಯುವ ವಿಧಾನ ಬಳಸಿದೆವು. ಕೋಡ್ ಮೇಲಿಂದ ಕೆಳಗೆ ಓದಲು ಬರುತ್ತದೆ, ಎರರ್ ಬಂದರೆ ಮಾಮೂಲು ಜಾಗದಲ್ಲೇ ಹಿಡಿಯಬಹುದು. ಹಿನ್ನೆಲೆಯ ಥ್ರೆಡ್ ಮೊದಲು ಫೈಲ್ ಓದಿ ಒಂದು ತಾತ್ಕಾಲಿಕ ಟೇಬಲ್‌ಗೆ ಒಟ್ಟಿಗೆ ತುಂಬುತ್ತದೆ, ಖಾತೆ ಇದೆಯೋ, ಮುಚ್ಚಿದೆಯೋ, ಮೊತ್ತ ಸರಿಯಿದೆಯೋ ಅಂತ ಅಲ್ಲೇ ನೋಡುತ್ತದೆ. ಈ ಹೊತ್ತಿನಲ್ಲಿ ಮುಖ್ಯ ಟೇಬಲ್ ಮೇಲೆ ಯಾವ ಲಾಕೂ ಹಿಡಿದಿರುವುದಿಲ್ಲ, ರದ್ದು ಬಟನ್ ಕೂಡ ಕೆಲಸ ಮಾಡುತ್ತದೆ. ಎಲ್ಲ ಸರಿ ಅಂದಮೇಲೆ ಒಂದೇ ಪುಟ್ಟ ಟ್ರಾನ್ಸಾಕ್ಷನ್, ಅದು ಒಂದು ಸೆಕೆಂಡಿನೊಳಗೆ ಮುಗಿಯುತ್ತದೆ. ಆಗ ಮಾತ್ರ ರದ್ದು ಬಟನ್ ಮುಚ್ಚಿರುತ್ತದೆ. ಏಜೆಂಟ್ ಕೋಡ್, ದಿನಾಂಕ, ರಸೀದಿ ನಂಬರ್, ಈ ಮೂರೂ ಸೇರಿ ಒಂದೇ ಸಲ ಬರಬೇಕು ಅಂತ ಟೇಬಲ್ ಮೇಲೆಯೇ ಯುನೀಕ್ ಕಟ್ಟಳೆ ಹಾಕಿದ್ದೇವೆ. ಇನ್ನು ಯಾರು ಎಷ್ಟು ಸಲ ಒತ್ತಿದರೂ, ಎರಡು ಕೌಂಟರಿನಿಂದ ಒಟ್ಟಿಗೆ ಒತ್ತಿದರೂ, ಡಬಲ್ ಜಮೆ ಆಗುವುದಿಲ್ಲ. ನಿಜ ಹೇಳಬೇಕೆಂದರೆ ಇದನ್ನು ಮೊದಲ ದಿನ ಹಾಕಬೇಕಿತ್ತು. ದುಡ್ಡಿನ ಲೆಕ್ಕವನ್ನು ಬಟನ್ ಮೇಲೆ ನಂಬಿ ಬಿಡಬಾರದು. ಖಾತೆ ತೆರೆಯುವ ಕ್ವೆರಿಯನ್ನೂ ಸ್ಕ್ರೀನ್ ಥ್ರೆಡ್ಡಿನಿಂದ ಆಚೆ ತಂದೆವು.

ಆಯ್ತೋ ಇಲ್ವೋ ಅನ್ನುವ ಮೇಡಂ ಮಾತಿಗೆ, ಕಿಟಕಿಯ ಕೆಳಗಿನ ಪಟ್ಟಿಯಲ್ಲಿ ಒಂದು ಸಾಲು ಇಟ್ಟೆವು: ಏಜೆಂಟರ ಹೆಸರು, ಎಷ್ಟು ರಸೀದಿ, ಒಟ್ಟು ಎಷ್ಟು ರೂಪಾಯಿ, ಮುಗಿದ ಹೊತ್ತು. ಮಧ್ಯೆ ಪಾಪ್‌ಅಪ್ ಬಂದು ಬೇರೆಯವರ ಎಂಟ್ರಿ ಹೊಡೆಯುವುದಕ್ಕೆ ಅಡ್ಡ ಬರುವುದಿಲ್ಲ. ಏಜೆಂಟರು ತಂದ ನಗದು ಎಣಿಸಿ ಮುಗಿಯುವ ಹೊತ್ತಿಗೆ ಆ ಒಟ್ಟು ಮೊತ್ತ ಕಣ್ಣೆದುರು ಇರುತ್ತದೆ, ಅಲ್ಲೇ ತಾಳೆ ನೋಡುತ್ತಾರೆ. ಆ ಸಾಲನ್ನು ಅವರು ಹೀಗೆ ಬಳಸುತ್ತಾರೆ ಅಂತ ನಾವು ಯೋಚಿಸಿಯೇ ಇರಲಿಲ್ಲ. ಈಗ ಪ್ರೋಗ್ರಾಂನಲ್ಲಿ ಅವರಿಗೆ ಎಲ್ಲಕ್ಕಿಂತ ಇಷ್ಟವಾದದ್ದು ಅದೇ ಸಾಲಂತೆ.

ಒಂದು ಕೆಲಸ ಇನ್ನೂ ಉಳಿದಿದೆ. ಪಾಸ್‌ಬುಕ್ ಪ್ರಿಂಟ್ ಮಾಡುವ ಕೋಡ್ ಈಗಲೂ ಸ್ಕ್ರೀನ್ ಥ್ರೆಡ್‌ನಲ್ಲೇ ಇದೆ. ಪಾಸ್‌ಬುಕ್ ಓರೆಯಾಗಿ ಪ್ರಿಂಟರಿನಲ್ಲಿ ಸಿಕ್ಕಿಕೊಂಡರೆ, ಅದನ್ನು ಬಿಡಿಸುವವರೆಗೂ ಆ ಕೌಂಟರಿನ ಕಿಟಕಿ ನಿಂತಿರುತ್ತದೆ. ಪ್ರಿಂಟನ್ನು ಹಿನ್ನೆಲೆಯ ಥ್ರೆಡ್ಡಿಗೆ ಹಾಕುವುದು ಕಷ್ಟವಲ್ಲ. ಆದರೆ ಎಂಟ್ರಿ ಕಾಗದದ ಮೇಲೆ ಬಿದ್ದಿತೋ ಇಲ್ಲವೋ ಗೊತ್ತಾಗುವ ಮುಂಚೆ ಮೇಡಂ ಮುಂದಿನವರ ಖಾತೆ ತೆರೆಯಬಹುದೋ ಬೇಡವೋ, ಅದನ್ನು ಇನ್ನೂ ತೀರ್ಮಾನಿಸಿಲ್ಲ. ಮುಂದಿನ ಸಲ ಹೋದಾಗ ಮತ್ತೆ ಅದೇ ಸ್ಟೂಲ್ ಹಾಕಿಕೊಂಡು ಕೂರಬೇಕು.